ದುಡಿಯುವ ಕೈಗೆ ಬೆಳಕು

(ಸಂಘದ ಉಚಿತ ವಾಚನಾಲಯದಲ್ಲಿ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ವಾಚನಾಲಯದ ಕಾರ್ಯದರ್ಶಿಗಳು ನಮ್ಮನ್ನು ಮಾತನಾಡಲು ಕರೆದಾಗ, ಸಾಹಿತ್ಯದ ವಿಷಯವೇ ಆಗಬೇಕೆಂದೇನೂ ಇಲ್ಲ, ನಮ್ಮ ಜನಕ್ಕೆ ಉಪಯೋಗಕ್ಕೆ ಬರುವ ನಾಲ್ಕು ಮಾತು ಹೇಳಿದರೆ ಸಾಕು ಎಂದರು. ಇಲ್ಲಿ ಕುಳಿತವರಲ್ಲಿ ಗೋದಿಯಲ್ಲಿ ಹಮಾಲಿ ಮಾಡುವವರಿದ್ದಾರೆ, ವರ್ಕ್‌ಶಾಪಿನಲ್ಲಿ ಲೇತು ನಡೆಸುವವರಿದ್ದಾರೆ, ಹೋಟೆಲಿನ ಅಡಿಗೆಮನೆಯಲ್ಲಿ ನಿಂತು ದುಡಿಯುವವರಿದ್ದಾರೆ, ಕಟ್ಟಡದ ಕೆಲಸಕ್ಕೆಂದು ಬಿಜಾಪುರ, ಕಲಬುರ್ಗಿಯ ಕಡೆಯಿಂದ ಬಂದವರಿದ್ದಾರೆ, ನಮ್ಮಂತೆ ಕಾಗದ ಬರೆದು ಹೊಟ್ಟೆ ಹೊರೆದ ಗುಮಾಸ್ತರೂ ಇದ್ದಾರೆ. ಇಷ್ಟು ಜನಕ್ಕೂ ಸಮಾನವಾಗಿ ಬೇಕಾದ ವಸ್ತು ಯಾವುದೆಂದು ಯೋಚಿಸಿದೆವು. ಕೆಲಸದ ತಾಣದಲ್ಲಿ ಬೆಳಕು ಎಂದು ತೋರಿತು. ಆದ್ದರಿಂದ ಇಂದು ಅದೇ ನಮ್ಮ ವಿಷಯ.

ಇದೇನು ಭಾಷಣ ಮಾಡುವಂಥ ವಿಷಯ, ಗುಂಡಿ ಒತ್ತಿದರೆ ದೀಪ ಹತ್ತುತ್ತದೆ ಎಂದು ತಾವು ನಗಬಹುದು. ನಾವೂ ಒಂದು ಕಾಲಕ್ಕೆ ಹಾಗೆಯೇ ನಕ್ಕವರು. ಆ ನಗು ಹೇಗೆ ನಿಂತಿತು ಎಂಬುದನ್ನು ಮೊದಲು ಹೇಳಿ, ಆಮೇಲೆ ವಿಷಯಕ್ಕೆ ಬರುತ್ತೇವೆ.

1979ರ ಮಳೆಗಾಲ. ಈ ನಗರದ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ನಾವು ಇಬ್ಬರು ಗುಮಾಸ್ತರಿದ್ದೆವು, ಇಬ್ಬರೂ ಕನ್ನಡಿಗರು. ಸ್ಟೋರು ಇದ್ದದ್ದು ನೆಲಮಾಳಿಗೆಯಲ್ಲಿ. ಮೇಲಿನಿಂದ ಇಳಿದು ಬರಲು ಹದಿನಾಲ್ಕು ಮೆಟ್ಟಿಲು, ನಡುವೆ ಒಂದು ತಿರುವು, ತಿರುವಿನ ಮೇಲೆ ಒಂದು ಬಲ್ಬು. ಆ ಬಲ್ಬು ಒಂದು ದಿನ ಹೋಯಿತು. ವೈರ್‌ಮನ್ ಚೀಟಿ ಬರೆದು ಕೊಟ್ಟ. ಚೀಟಿ ನಮ್ಮ ಮೇಜಿನ ತಟ್ಟೆಗೆ ಬಂತು. ಬಲ್ಬಿನ ದಾಸ್ತಾನು ಮುಗಿದಿತ್ತು. ಒಂದು ಬಲ್ಬಿಗಾಗಿ ಬೇರೆ ಇಂಡೆಂಟು ಏಕೆ, ತಿಂಗಳ ಕೊನೆಗೆ ಎಲ್ಲದರ ಜೊತೆಗೆ ಕಳಿಸಿದರಾಯಿತು ಎಂದು ನಾವು ಸುಮ್ಮನಾದೆವು. ನಮಗೇನೂ ತೊಂದರೆಯಾಗಲಿಲ್ಲ. ಆ ಮೆಟ್ಟಿಲು ನಮ್ಮ ಕಾಲಿಗೆ ರೂಢಿಯಾಗಿತ್ತು. ಗೋಡೆಗೆ ಕೈ ಹಚ್ಚಿ ಇಳಿಯುತ್ತಿದ್ದೆವು. ಹೀಗೆ ಹನ್ನೊಂದು ದಿನ ಕಳೆದವು.

ಹನ್ನೆರಡನೆಯ ದಿನ, ರಾತ್ರಿಯಲ್ಲ, ಮಧ್ಯಾಹ್ನದ ಎರಡು ಗಂಟೆ. ಮಳೆ ಬಿಟ್ಟು ಅಂಗಳದಲ್ಲಿ ಚುರುಕು ಬಿಸಿಲು ಬಿದ್ದಿತ್ತು. ಗದಗಿನ ಕಡೆಯ ಒಬ್ಬ ಹಮಾಲ, ಕಂಟ್ರಾಕ್ಟುದಾರನ ಆಳು, ಹೆಗಲ ಮೇಲೆ ಪೆಟ್ಟಿಗೆ ಹೊತ್ತು ಬಿಸಿಲಿನಿಂದ ನೇರವಾಗಿ ಆ ಮೆಟ್ಟಿಲು ಇಳಿದ. ಅವನು ಅಲ್ಲಿಗೆ ಬಂದದ್ದು ಅದೇ ಮೊದಲ ಸಲ. ತಿರುವಿಗೆ ಬಂದಾಗ ಮೆಟ್ಟಿಲು ಮುಗಿಯಿತೆಂದು ಕಾಲಿಟ್ಟ; ಮುಗಿದಿರಲಿಲ್ಲ. ಪೆಟ್ಟಿಗೆಯ ಸಮೇತ ಕೆಳಗೆ ಬಿದ್ದ. ಸೊಂಟದ ಎಲುಬು ಮುರಿಯಿತು.

ಅಪಘಾತದ ವರದಿ ಬರೆಯುವ ಕೆಲಸವೂ ನಮ್ಮದೇ. ಅದರಲ್ಲಿ 'ಕಾರಣ' ಎಂದು ಒಂದು ಖಾನೆ. ಮೇಲಿನವರು ಹೇಳಿದರು, ನಾವು ಟೈಪು ಮಾಡಿದೆವು: 'ಕೆಲಸಗಾರನ ಅಜಾಗರೂಕತೆ.' ಬಲ್ಬಿನ ಮಾತು ಆ ಕಾಗದದಲ್ಲಿ ಬರಲಿಲ್ಲ. ಟೈಪು ಮಾಡುವಾಗ ವೈರ್‌ಮನ್ನನ ಚೀಟಿ ಅದೇ ಮೇಜಿನ ತಟ್ಟೆಯಲ್ಲಿ ಇನ್ನೂ ಬಿದ್ದಿತ್ತು. ಕಂಟ್ರಾಕ್ಟುದಾರ ಆ ವರದಿಯನ್ನು ಹಮಾಲನಿಗೆ ಓದಿ ಹೇಳಿ, ತಪ್ಪು ನಿನ್ನದೇ, ನಿನಗೆ ಏನೂ ಸಿಕ್ಕುವುದಿಲ್ಲ ಎಂದನಂತೆ. ಅವನು ನಂಬಿದ. ಇಬ್ಬರು ಹಿಡಿದುಕೊಂಡು ರೈಲಿಗೆ ಹತ್ತಿಸಿದರು. ಆಮೇಲೆ ಅವನು ಮುಂಬಯಿಗೆ ಬರಲಿಲ್ಲ. ಇಷ್ಟು ವರ್ಷಗಳ ಮೇಲೆ ಈ ಮಾತನ್ನು ತಮ್ಮೆಲ್ಲರ ಮುಂದೆ ಹೇಳುತ್ತಿದ್ದೇವೆ. ಹೇಳದೆ ಈ ವಿಷಯವನ್ನು ಮಾತನಾಡುವ ಹಕ್ಕು ನಮಗಿಲ್ಲವೆಂದು ತೋರುತ್ತದೆ.

ಅವನು ಅಜಾಗರೂಕನಾಗಿದ್ದನೆ? ಮನುಷ್ಯನ ಕಣ್ಣು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿದರೆ ಇದಕ್ಕೆ ಉತ್ತರ ಸಿಕ್ಕುತ್ತದೆ.

ಬೆಳಕನ್ನು ಅಳೆಯುವುದಕ್ಕೆ ಲಕ್ಸ್ ಎಂಬ ಮಾನವಿದೆ. ಒಂದು ಮೇಣದ ಬತ್ತಿಯಿಂದ ಒಂದು ಮೀಟರು ದೂರದಲ್ಲಿ ಕಾಗದ ಹಿಡಿದರೆ ಅದರ ಮೇಲೆ ಬೀಳುವ ಬೆಳಕು ಸುಮಾರು ಒಂದು ಲಕ್ಸ್. ಹುಣ್ಣಿಮೆಯ ಬೆಳದಿಂಗಳು ಸುಮಾರು ಕಾಲು ಲಕ್ಸ್. ಮಧ್ಯಾಹ್ನದ ನೇರ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಬೆಳದಿಂಗಳಿಗೂ ಬಿಸಿಲಿಗೂ ಒಂದೇ ಜೋಡಿ ಕಣ್ಣು ಹೊಂದಿಕೊಳ್ಳುತ್ತದೆ ಎಂಬುದು ಸೃಷ್ಟಿಯ ಸೋಜಿಗವೇ ಸರಿ. ಆದರೆ ಹೊಂದಿಕೊಳ್ಳಲು ಅದಕ್ಕೆ ಸಮಯ ಬೇಕು. ಕತ್ತಲೆಯಿಂದ ಬಿಸಿಲಿಗೆ ಬಂದರೆ ಬೇಗನೆ ಸರಿಹೋಗುತ್ತದೆ. ಬಿಸಿಲಿನಿಂದ ಕತ್ತಲೆಗೆ ಹೋದರೆ ಮೊದಲಿನ ಹತ್ತು ನಿಮಿಷಗಳಲ್ಲಿ ಸ್ವಲ್ಪ, ಪೂರ್ತಿಯಾಗಿ ಕಾಣಲು ಅರ್ಧ ಗಂಟೆಯಾದರೂ ಹಿಡಿಯುತ್ತದೆ. ಮ್ಯಾಟಿನಿ ಸಿನೆಮಾಕ್ಕೆ ತಡವಾಗಿ ಹೋಗಿ ಪರರ ಕಾಲು ತುಳಿದವರಿಗೆಲ್ಲ ಈ ಅನುಭವವುಂಟು. ನಮ್ಮ ಹಮಾಲ ಬಿಸಿಲಿನಿಂದ ಬಂದು ಹತ್ತು ನಿಮಿಷವಲ್ಲ, ಹತ್ತು ಸೆಕೆಂಡುಗಳಲ್ಲಿ ಆ ತಿರುವಿನಲ್ಲಿದ್ದ. ಅವನು ಎಷ್ಟೇ ಕಣ್ಣರಳಿಸಿದರೂ ಕಾಣುವಂತಿರಲಿಲ್ಲ.

ಹಡಗಿನ ಹೊಟ್ಟೆಯೊಳಗೆ ಇಳಿಯುವ ಗೋದಿ ಕಾರ್ಮಿಕರದೂ ಇದೇ ಪಾಡು. ಡೆಕ್ಕಿನ ಮೇಲೆ ಉರಿಬಿಸಿಲು. ಏಣಿ ಇಳಿದರೆ ಕತ್ತಲೆ. ನಡುವಿನ ಅಂತಸ್ತಿನಲ್ಲಿ ಮುಚ್ಚದೆ ಬಿಟ್ಟ ಬಾಯಿ. ಅದಕ್ಕಾಗಿಯೇ ತಿಳಿದವರು ಎರಡು ಮಾತು ಹೇಳುತ್ತಾರೆ: ಒಂದು, ಬೆಳಕಿನಿಂದ ಕತ್ತಲೆಗೆ ಹೋಗುವ ಬಾಗಿಲಲ್ಲಿಯೇ ಒಳ್ಳೆಯ ದೀಪವಿರಬೇಕು, ಎರಡು, ಇಳಿದವನು ಕಣ್ಣು ನಿಲುಕುವ ತನಕ ನಿಂತು ಹೋಗಬೇಕು. ಮುಕಾದಮ ಹಿಂದಿನಿಂದ ಕೂಗಿದರೂ ನಿಂತು ಹೋಗಬೇಕು.

ಇನ್ನೊಂದು ಸಂಗತಿ. ನಮ್ಮ ವಯಸ್ಸು ಹೆಚ್ಚಿದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಒಳಗಿನ ಮಸೂರ ಹಳದಿಯಾಗುತ್ತದೆ. ಇಪ್ಪತ್ತರ ತರುಣನ ಕಣ್ಣಿನೊಳಗೆ ಮುಟ್ಟುವ ಬೆಳಕಿನಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಅರವತ್ತರವನ ಕಣ್ಣಿನೊಳಗೆ ಮುಟ್ಟುತ್ತದೆ ಎಂದು ಶಾಸ್ತ್ರಜ್ಞರು ಹೇಳುತ್ತಾರೆ. ಒಂದೇ ದೀಪದ ಕೆಳಗೆ ಹೊಸ ಹುಡುಗನಿಗೆ ಕಾಣುವುದು ಹಳೆಯ ಮಿಸ್ತ್ರಿಗೆ ಕಾಣುವುದಿಲ್ಲ. ಅವನು ಸೋಮಾರಿಯಾದನೆಂದು ಬೈಯುವ ಬದಲು ಒಂದು ದೀಪ ಹತ್ತಿರಕ್ಕೆ ತಂದರೆ ಅವನ ಇಪ್ಪತ್ತು ವರ್ಷಗಳ ಕೈಚಳಕ ಕೆಲಸಕ್ಕೆ ಒದಗುತ್ತದೆ. ಹತ್ತಿರಕ್ಕೆ ಎಂದು ಏಕೆ ಹೇಳಿದೆವೆಂದರೆ, ಒಂದು ಬಲ್ಬನ್ನು ಎರಡು ಪಟ್ಟು ಎತ್ತರಕ್ಕೆ ಕಟ್ಟಿದರೆ ಕೆಳಗೆ ಬೀಳುವ ಬೆಳಕು ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ.

ಈಗ ಕೆಟ್ಟ ಬೆಳಕು ಎಂದರೇನು ಎಂಬುದನ್ನು ನೋಡೋಣ. ಕಡಮೆ ಬೆಳಕು ಮಾತ್ರವೇ ಕೆಟ್ಟದ್ದಲ್ಲ.

ಮೊದಲನೆಯದು ಸಾಲದ ಬೆಳಕು. ನಡೆದಾಡುವ ಓಣಿಗೆ ನೂರು ಲಕ್ಸ್, ಓದುವ ಬರೆಯುವ ಮೇಜಿಗೆ ಐದು ನೂರು ಲಕ್ಸ್ ಬೇಕೆಂದು ಅಂತರರಾಷ್ಟ್ರೀಯ ಮಾನಕಗಳು ಹೇಳುತ್ತವೆ. ಕೆಲಸ ಸೂಕ್ಷ್ಮವಾದಷ್ಟೂ ಹೆಚ್ಚು ಬೇಕು. ಯುರೋಪಿನ ಕಲ್ಲಿದ್ದಲ ಗಣಿಗಳಲ್ಲಿ ಮಂದ ದೀಪದ ಬೆಳಕಿನಲ್ಲಿ ವರ್ಷಗಟ್ಟಲೆ ದುಡಿದವರಿಗೆ ಕಣ್ಣುಗುಡ್ಡೆ ತಾನಾಗಿಯೇ ಅತ್ತಿತ್ತ ಓಲಾಡುವ ಒಂದು ರೋಗ ಬರುತ್ತಿತ್ತು. ಗಣಿಯಲ್ಲಿ ಒಳ್ಳೆಯ ವಿದ್ಯುದ್ದೀಪ ಬಂದ ಮೇಲೆ ಆ ರೋಗ ಹಿಂದೆ ಸರಿಯಿತು. ಔಷಧಿಯಿಂದ ಹೋಗದ ರೋಗ ದೀಪದಿಂದ ಹೋಯಿತು ಎಂಬುದನ್ನು ತಾವು ಗಮನಿಸಬೇಕು.

ಎರಡನೆಯದು ಕಣ್ಣು ಕುಕ್ಕುವ ಬೆಳಕು. ಕಟ್ಟಡದ ತಾಣದಲ್ಲಿ ರಾತ್ರಿ ಕಾಂಕ್ರೀಟು ಹಾಕುವಾಗ ದೊಡ್ಡದೊಂದು ದೀಪವನ್ನು ಕಂಬಕ್ಕೆ ಎದೆಮಟ್ಟದಲ್ಲಿ ಕಟ್ಟುವುದನ್ನು ನೋಡಿದ್ದೇವೆ. ದೂರದಿಂದ ನೋಡಿದವರಿಗೆ ಹಗಲಾದಂತೆ ಕಾಣುತ್ತದೆ. ಆದರೆ ಬುಟ್ಟಿ ಹೊತ್ತು ಆ ದೀಪಕ್ಕೆ ಎದುರಾಗಿ ಬರುವ ಹೆಣ್ಣುಮಗಳಿಗೆ ದೀಪವೊಂದನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಕಾಲ ಕೆಳಗೆ ಲಿಫ್ಟಿನ ಗುಂಡಿಯಿದ್ದರೂ ಕಾಣದು. ದೀಪ ಎತ್ತರದಲ್ಲಿರಬೇಕು, ಕೆಳಮುಖವಾಗಿರಬೇಕು, ಒಂದು ದೊಡ್ಡದರ ಬದಲು ನಾಲ್ಕು ಸಣ್ಣವು ನಾಲ್ಕು ಕಡೆ ಇರಬೇಕು. ಹೋಟೆಲಿನ ಅಡಿಗೆಮನೆಯಲ್ಲಿ ಒದ್ದೆ ನೆಲವೇ ಕನ್ನಡಿಯಾಗಿ ಕಣ್ಣು ಕುಕ್ಕುತ್ತದೆ; ಎಣ್ಣೆ ಚೆಲ್ಲಿದ್ದು ಆ ಹೊಳಪಿನಲ್ಲಿ ಅಡಗಿಹೋಗುತ್ತದೆ.

ಮೂರನೆಯದು ನೆರಳು. ದೀಪ ಬೆನ್ನ ಹಿಂದಿದ್ದರೆ ನಮ್ಮ ನೆರಳು ನಮ್ಮ ಕೈಯ ಮೇಲೆಯೇ ಬೀಳುತ್ತದೆ. ತರಕಾರಿ ಹೆಚ್ಚುವವನ ಈಳಿಗೆ, ಬಡಗಿಯ ಗರಗಸ, ಪ್ರೆಸ್ಸಿನ ಅಚ್ಚು ಇವೆಲ್ಲ ಆ ನೆರಳಿನೊಳಗೇ ಇರುತ್ತವೆ. ಬಲಗೈಯಲ್ಲಿ ಕೆಲಸ ಮಾಡುವವನಿಗೆ ದೀಪ ಎಡದಿಂದ ಬರಬೇಕು.

ನಾಲ್ಕನೆಯದು ಕೊಳೆ. ಊರಿನಲ್ಲಿ ನಮ್ಮ ತಾಯಂದಿರು ಮುಸ್ಸಂಜೆಗೆ ಮೊದಲು ಏನು ಮಾಡುತ್ತಿದ್ದರು? ಲಾಟೀನಿನ ಗಾಜು ಬಿಚ್ಚಿ, ಒಲೆಯ ಬೂದಿ ಹಚ್ಚಿ, ಹಳೆಯ ಬಟ್ಟೆಯಿಂದ ಒರೆಸಿ, ಬತ್ತಿ ಕತ್ತರಿಸಿ, ಆಮೇಲೆ ದೀಪ ಹಚ್ಚಿ ಕೈಮುಗಿಯುತ್ತಿದ್ದರು. ಒರೆಸದೆ ಹಚ್ಚಿದ ದಿನವಿಲ್ಲ. ಕಾರ್ಖಾನೆಯಲ್ಲಿ ಸಾವಿರಾರು ರೂಪಾಯಿಯ ದೀಪ ಹಾಕಿದವರು ಅದನ್ನು ವರ್ಷಕ್ಕೊಮ್ಮೆಯೂ ಒರೆಸುವುದಿಲ್ಲ. ಹತ್ತಿಯ ಧೂಳು, ಎಣ್ಣೆಯ ಹೊಗೆ, ಸಿಮೆಂಟು ಕುಳಿತು ಅರ್ಧದಷ್ಟು ಬೆಳಕನ್ನು ನುಂಗಬಹುದು. ಬಿಲ್ಲು ಮಾತ್ರ ಪೂರ್ತಿಯಾಗಿ ಬರುತ್ತದೆ. ಗೋಡೆಗೆ ಸುಣ್ಣ ಬಳಿಯುವುದೂ ಇದೇ ಲೆಕ್ಕ. ಬಿಳಿಯ ಗೋಡೆ ಬೆಳಕನ್ನು ಹಿಂದಿರುಗಿಸುತ್ತದೆ, ಕರಿಯ ಗೋಡೆ ಕುಡಿಯುತ್ತದೆ.

ಐದನೆಯದು ಎಲ್ಲಕ್ಕಿಂತ ಮೋಸದ್ದು. ಮಿಸ್ತ್ರಿಗಳು ಕಿವಿಗೊಟ್ಟು ಕೇಳಬೇಕು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ಐವತ್ತು ಆವರ್ತದ್ದು. ಇದರ ಮೇಲೆ ಹಳೆಯ ಬಗೆಯ ಚೋಕಿನ ಟ್ಯೂಬು ದೀಪ ಸೆಕೆಂಡಿಗೆ ನೂರು ಸಲ ಏರಿ ಇಳಿಯುತ್ತದೆ. ಕಣ್ಣಿಗೆ ಇದು ಗೊತ್ತಾಗುವುದಿಲ್ಲ, ತಿರುಗುವ ಗಾಲಿಗೆ ಗೊತ್ತಾಗುತ್ತದೆ. ನಾಲ್ಕು ಕಡ್ಡಿಯ ಒಂದು ಗಾಲಿ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದೆ ಎನ್ನಿ. ಒಂದು ಮಿನುಗಿಗೂ ಮುಂದಿನ ಮಿನುಗಿಗೂ ನಡುವೆ ಅದು ಸರಿಯಾಗಿ ಕಾಲು ಸುತ್ತು ತಿರುಗಿರುತ್ತದೆ. ಒಂದು ಕಡ್ಡಿ ಇದ್ದಲ್ಲಿ ಇನ್ನೊಂದು ಕಡ್ಡಿ ಬಂದಿರುತ್ತದೆ. ನೋಡುವವನಿಗೆ ಗಾಲಿ ನಿಂತಂತೆಯೇ ಕಾಣುತ್ತದೆ! ಸಾಧಾರಣ ಮೋಟಾರಿನಂತೆ 1440 ಸುತ್ತು ತಿರುಗಿದರೆ, ನಿಮಿಷಕ್ಕೆ ಅರವತ್ತು ಸುತ್ತಿನಂತೆ ನಿಧಾನವಾಗಿ ಹಿಂದಕ್ಕೆ ತಿರುಗುವಂತೆ ಕಾಣುತ್ತದೆ. ನಿಂತಿದೆಯೆಂದು ಕೈ ಹಾಕಿದವನ ಬೆರಳು ಹೋಗುತ್ತದೆ. ಇದಕ್ಕೆ ಪರಿಹಾರ ಹಳೆಯದೇ: ಪಕ್ಕಪಕ್ಕದ ದೀಪಗಳನ್ನು ಬೇರೆ ಬೇರೆ ಫೇಸಿಗೆ ಕೊಡುವುದು, ಯಂತ್ರದ ಮೇಲೆ ಮಿನುಗದಂಥ ಬೇರೊಂದು ದೀಪ ಇಡುವುದು. ಈಗಿನ ಎಲೆಕ್ಟ್ರಾನಿಕ್ ಚೋಕಿನಲ್ಲಿ ಈ ದೋಷ ಬಹಳ ಕಡಮೆ. ಎಲ್‌ಇಡಿ ದೀಪಗಳಲ್ಲಿ ಒಳ್ಳೆಯವು ಮಿನುಗುವುದಿಲ್ಲ, ಅಗ್ಗದವು ಮಿನುಗುವುದುಂಟು. ಎಲ್‌ಇಡಿ ಬಂದಿತೆಂದು ನಿಶ್ಚಿಂತರಾಗಿ ಇರಬಾರದು.

ನಮ್ಮ ಮುಂಬಯಿಯ ಚರಿತ್ರೆಯಲ್ಲಿ ಬೆಳಕಿನ ಕಥೆ ಒಂದುಂಟು. ಗಿರಣಿಗಳ ಛಾವಣಿ ಗರಗಸದ ಹಲ್ಲಿನಂತೆ ಇದ್ದದ್ದನ್ನು ಹಿರಿಯರು ನೋಡಿದ್ದಾರೆ. ಆ ಹಲ್ಲುಗಳ ನೆಟ್ಟನೆಯ ಬದಿಗೆ ಗಾಜು ಹಾಕಿ ಅದನ್ನು ಉತ್ತರಕ್ಕೆ ಮುಖಮಾಡುತ್ತಿದ್ದರು. ನೇರ ಬಿಸಿಲು ಬೀಳದೆ, ಆಕಾಶದ ತಂಪು ಬೆಳಕು ಇಡೀ ಸಾಲೆಗೆ ಸಮನಾಗಿ ಬೀಳಲಿ ಎಂದು. ನೇಯುವವನಿಗೆ ಒಂದು ಎಳೆ ತುಂಡಾದರೂ ಕಾಣುವಂಥ ಬೆಳಕು ಅದು. ವಿದ್ಯುದ್ದೀಪ ಬರುವ ಮೊದಲು ಗಿರಣಿಗೆ ಸೂರ್ಯನೇ ಗಡಿಯಾರ. ಮುಳುಗಿದರೆ ಕೆಲಸ ಮುಗಿಯುತ್ತಿತ್ತು. ವಿದ್ಯುದ್ದೀಪ ಬಂತು, ದುಡಿಮೆ ದಿನಕ್ಕೆ ಹದಿನಾಲ್ಕು, ಹದಿನೈದು ಗಂಟೆಗೆ ಏರಿತು. 1905ರಲ್ಲಿ ಕಾರ್ಮಿಕರು ಇದರ ವಿರುದ್ಧ ಎದ್ದು ನಿಂತರು. ಕೊನೆಗೆ 1911ರ ಕಾರ್ಖಾನೆ ಕಾಯಿದೆ ಬಟ್ಟೆ ಗಿರಣಿಗಳಲ್ಲಿ ಗಂಡಸರ ದುಡಿಮೆಗೆ ದಿನಕ್ಕೆ ಹನ್ನೆರಡು ಗಂಟೆಯ ಮಿತಿ ಹಾಕಿತು. ದೀಪ ತಾನಾಗಿಯೇ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಉತ್ಪಾದನೆಗಾಗಿ ಮಾತ್ರ ಹಚ್ಚಿದ ದೀಪ ದುಡಿಯುವವನನ್ನು ದಣಿಸಿತು. ಅವನ ಕಣ್ಣಿಗೂ ಕಾಲಿಗೂ ಹಚ್ಚಿದ ದೀಪ ಅವನನ್ನು ಕಾಯುತ್ತದೆ.

ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಬಂದ ಕಾರ್ಖಾನೆ ಕಾಯಿದೆಯಲ್ಲಿ ಹದಿನೇಳನೆಯ ಕಲಮು ಬೆಳಕಿಗೆ ಮೀಸಲಾಗಿತ್ತು. ಕಾರ್ಮಿಕರು ಕೆಲಸ ಮಾಡುವ ಅಥವಾ ಹಾದುಹೋಗುವ ಪ್ರತಿಯೊಂದು ಭಾಗದಲ್ಲಿಯೂ ಸಾಕಷ್ಟು, ತಕ್ಕಂಥ ಬೆಳಕಿರಬೇಕು, ಕಿಟಕಿಯ ಗಾಜಿನ ಒಳಮೈ ಹೊರಮೈ ಎರಡೂ ಶುಚಿಯಾಗಿರಬೇಕು, ಕಣ್ಣು ಕುಕ್ಕಬಾರದು, ಅಪಘಾತವಾಗುವಂಥ ನೆರಳು ಬೀಳಬಾರದು ಎಂದು ಅದರಲ್ಲಿ ಬರೆದಿತ್ತು. 'ಹಾದುಹೋಗುವ' ಎಂಬ ಮಾತನ್ನು ಗಮನಿಸಿರಿ. ನಮ್ಮ ಆ ಮೆಟ್ಟಿಲು ಹಾದುಹೋಗುವ ಜಾಗವೇ. ಟಾಕಿ, ಕೊಳವೆ, ಗುಂಡಿ ಮೊದಲಾದ ಇಕ್ಕಟ್ಟಿನಲ್ಲಿ ಒಯ್ಯುವ ಕೈದೀಪ 24 ವೋಲ್ಟಿಗಿಂತ ಹೆಚ್ಚಿನದಾಗಿರಬಾರದು ಎಂದೂ ಆ ಕಾಯಿದೆಯಲ್ಲಿತ್ತು. ಒದ್ದೆ ಕಬ್ಬಿಣದೊಳಗೆ ಮನೆಯ ಕರೆಂಟಿನ ದೀಪ ಒಯ್ಯುವುದೆಂದರೆ ಸಾವನ್ನು ಕೈಯಲ್ಲಿ ಹಿಡಿದಂತೆ. 2020ರಲ್ಲಿ ಪಾರ್ಲಿಮೆಂಟು ಹದಿಮೂರು ಹಳೆಯ ಕಾಯಿದೆಗಳನ್ನು ಒಂದುಗೂಡಿಸಿ ಕೆಲಸದ ಸುರಕ್ಷತೆ, ಆರೋಗ್ಯದ ಹೊಸ ಸಂಹಿತೆಯನ್ನು ಮಾಡಿತು; 2025ರ ನವೆಂಬರ್ 21ರಂದು ಅದು ಜಾರಿಗೆ ಬಂತು. ಅದರಲ್ಲಿಯೂ ಸಾಕಷ್ಟು ಬೆಳಕು ಮಾಲೀಕನ ಹೊಣೆ. ಅಪಾಯ ಕಂಡರೆ ತಿಳಿಸುವುದು ಕೆಲಸಗಾರನ ಕರ್ತವ್ಯವೆಂದೂ, ಸುರಕ್ಷತೆಯ ವಿಷಯದಲ್ಲಿ ಮಾಲೀಕನಿಂದ ಮಾಹಿತಿ ಕೇಳಿ ಪಡೆಯುವುದು ಅವನ ಹಕ್ಕೆಂದೂ ಅದು ಹೇಳುತ್ತದೆ.

ಇನ್ನೊಂದು ಕಾಯಿದೆಯ ಮಾತು ಹೇಳಲೇಬೇಕು. ಆ ಹಮಾಲನ ಕಾಲಕ್ಕೆ ಇದ್ದದ್ದು 1923ರ ಪರಿಹಾರದ ಕಾಯಿದೆ. ಕುಡಿದು ಕೆಲಸಕ್ಕೆ ಬಂದದ್ದು, ಬೇಕೆಂದೇ ಸುರಕ್ಷತೆಯ ಆಜ್ಞೆ ಮೀರಿದ್ದು, ಬೇಕೆಂದೇ ರಕ್ಷಣೆಯ ಸಾಧನ ಕಿತ್ತು ಹಾಕಿದ್ದು, ಇಂಥ ಕಾರಣಗಳಿಗೆ ಪರಿಹಾರ ತಪ್ಪಬಹುದಿತ್ತು. ಬರಿಯ ಅಜಾಗರೂಕತೆ ಆ ಪಟ್ಟಿಯಲ್ಲಿರಲಿಲ್ಲ. ಕಂಟ್ರಾಕ್ಟುದಾರನ ಆಳೆಂಬುದೂ ಅಡ್ಡಿಯಾಗುತ್ತಿರಲಿಲ್ಲ. ನಾವು ಟೈಪು ಮಾಡಿದ ಆ ಮಾತು ನಿಜವೇ ಆಗಿದ್ದರೂ ಅವನ ಹಕ್ಕು ಹೋಗುತ್ತಿರಲಿಲ್ಲ. ಇದು ನಮಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಇಂಥದೇ ಒಂದು ವಾಚನಾಲಯದಲ್ಲಿ ಒಂದು ಹಳೆಯ ಪುಸ್ತಕ ತಿರುವಿದಾಗ. ಆದ್ದರಿಂದ 'ತಪ್ಪು ನಿನ್ನದೇ' ಎಂದು ಯಾರಾದರೂ ಹೇಳಿದರೆ, ಅಷ್ಟಕ್ಕೇ ರೈಲು ಹತ್ತಬೇಡಿರಿ. ಸಂಘಕ್ಕೆ ಬನ್ನಿರಿ, ಕಾಯಿದೆ ಬಲ್ಲವರನ್ನು ಕೇಳಿರಿ.

ಈಗ ನಾವು ಮಾಡಬಹುದಾದದ್ದನ್ನು ಹೇಳಿ ಮುಗಿಸುತ್ತೇವೆ.

ಕೈಕೆಲಸದವರಿಗೆ ನಾಲ್ಕು ಮಾತು. ಹೊಸ ಜಾಗಕ್ಕೆ ಹೋದ ಮೊದಲ ದಿನವೇ ಮೆಟ್ಟಿಲು, ಗುಂಡಿ, ಹೊರಬಾಗಿಲು ಎಲ್ಲಿವೆಯೆಂದು ಬೆಳಕಿನಲ್ಲಿ ಒಮ್ಮೆ ನಡೆದು ನೋಡಿಕೊಳ್ಳಿರಿ. ದೀಪ ಹೋದದ್ದನ್ನು ಬಾಯಲ್ಲಿ ಹೇಳಿ ಬಿಡಬೇಡಿರಿ. ತಾರೀಖು ಹಾಕಿ ಬರೆದು ಕೊಡಿರಿ, ಬರೆಯಲು ಬಾರದಿದ್ದರೆ ಬರೆಯಬಲ್ಲವರಿಂದ ಬರೆಯಿಸಿರಿ. ಕಾಣದ ಕಡೆ ಭಾರ ಹೊತ್ತು ಹೋಗಬೇಡಿರಿ. ಕಿಸೆಯಲ್ಲಿ ಒಂದು ಸಣ್ಣ ಟಾರ್ಚಿರಲಿ. 2020ರ ಅಕ್ಟೋಬರ್ 12ರಂದು ಈ ಮಹಾನಗರದಲ್ಲಿಯೇ ಕರೆಂಟು ಹೋಗಿ ಲೋಕಲ್ ರೈಲುಗಳು ನಿಂತದ್ದು ತಮಗೆ ನೆನಪಿರಬಹುದು. ಅಂಥ ಹೊತ್ತಿನಲ್ಲಿ ನೆಲಮಾಳಿಗೆಯಲ್ಲಿ ಇದ್ದವನಿಗೆ ಹೊರಬಾಗಿಲು ತೋರಿಸಲು ಬ್ಯಾಟರಿಯ ತುರ್ತು ದೀಪ ಬೇಕು. ತಮ್ಮ ತಾಣದಲ್ಲಿ ಅದು ಇದೆಯೆ, ಇದ್ದರೆ ಹತ್ತುತ್ತದೆಯೆ ಎಂದು ಕೇಳಿರಿ.

ಗುಮಾಸ್ತ ಬಂಧುಗಳಿಗೆ ಎರಡೇ ಮಾತು. ನಮ್ಮ ಕೈಯಲ್ಲಿ ಯಂತ್ರವಿಲ್ಲ, ಆದ್ದರಿಂದ ಅಪಘಾತಕ್ಕೂ ನಮಗೂ ಸಂಬಂಧವಿಲ್ಲ ಎಂದುಕೊಳ್ಳುತ್ತೇವೆ. ಮೇಜಿನ ತಟ್ಟೆಯಲ್ಲಿ ಮಲಗಿದ ಒಂದು ಚೀಟಿ ಯಂತ್ರದಷ್ಟೇ ಅಪಾಯಕಾರಿ. ದೀಪದ ಚೀಟಿ ಬಂದರೆ ಅದನ್ನು ಅಂದೇ ಮುಂದಕ್ಕೆ ಕಳಿಸಿರಿ. ವರದಿ ಬರೆಯುವ ಸಂದರ್ಭ ಬಂದರೆ, ಕಾರಣದ ಖಾನೆಯಲ್ಲಿ ಕಂಡದ್ದನ್ನು ಬರೆಯಿರಿ: ದೀಪ ಇತ್ತೆ ಇಲ್ಲವೆ, ಎಷ್ಟು ದಿನದಿಂದ ಇರಲಿಲ್ಲ. ಕೆಲಸದ ಭಯ ಎಲ್ಲರಿಗೂ ಉಂಟು; ನಮಗೂ ಇತ್ತು. ಆದರೆ ಅಂದು ಎರಡು ಸಾಲು ಹೆಚ್ಚು ಟೈಪು ಮಾಡಿದ್ದರೆ ನಮ್ಮ ಕೆಲಸ ಹೋಗುತ್ತಿತ್ತೆಂದು ಈಗ ನಮಗೆ ಅನ್ನಿಸುವುದಿಲ್ಲ. ಹೋಗಿದ್ದರೂ ನಮಗೆ ಬೇರೊಂದು ಕುರ್ಚಿ ಸಿಕ್ಕುತ್ತಿತ್ತು. ಅವನಿಗೆ ಬೇರೊಂದು ಸೊಂಟ ಸಿಕ್ಕಲಿಲ್ಲ.

ಕೊನೆಯದಾಗಿ ಒಂದು ವಿನಂತಿ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ತಮಗೆಲ್ಲ ಗೊತ್ತು. ಈ ವಾಚನಾಲಯಕ್ಕೆ ಹತ್ತಿ ಬರುವ ಮೆಟ್ಟಿಲಿನ ದೀಪ ಕಳೆದ ಭಾನುವಾರವೂ ಉರಿಯುತ್ತಿರಲಿಲ್ಲ, ಇಂದೂ ಉರಿಯುತ್ತಿಲ್ಲ. ಎಂಟು ಗಂಟೆಗೆ ರಾತ್ರಿ ಪಾಳಿಗೆ ಹೋಗುವವರು ಪತ್ರಿಕೆ ಓದಿ ಅದೇ ಮೆಟ್ಟಿಲು ಇಳಿಯುತ್ತಾರೆ. ಕಾರ್ಯದರ್ಶಿಗಳನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಅವರ ತಟ್ಟೆಯಲ್ಲಿ ಎಷ್ಟು ಚೀಟಿಗಳಿವೆಯೆಂದು ನಮಗೆ ಗೊತ್ತು. ಬರುವಾಗ ಅಂಗಡಿಯಿಂದ ಒಂದು ಬಲ್ಬು ತಂದಿದ್ದೇವೆ. ನಮಗೆ ವಯಸ್ಸಾಯಿತು, ಸ್ಟೂಲು ಹತ್ತಲಾರೆವು. ಯಾರಾದರೂ ತರುಣರು ಸ್ವಿಚ್ಚು ಆರಿಸಿ, ಸ್ಟೂಲನ್ನು ಒಬ್ಬರಿಂದ ಹಿಡಿಸಿ, ಸಭೆ ಮುಗಿದು ಜನ ಇಳಿಯುವುದಕ್ಕೆ ಮೊದಲೇ ಇದನ್ನು ಹಾಕಿಕೊಟ್ಟರೆ ಉಪಕಾರವಾಗುತ್ತದೆ.